ವಂದನಾರ್ಪಣೆಯ ಹೊತ್ತಿಗೆ ಊಟಕ್ಕೆ ಎದ್ದವರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲೇ ಸಭೆ ನಡೆಯಲಿ, ಆಹ್ವಾನಪತ್ರಿಕೆಯ ಕಟ್ಟಕಡೆಯ ಸಾಲಿನಲ್ಲಿ ಈ ಲೇಖಕನ ಹೆಸರು ಇದ್ದೇ ಇರುತ್ತದೆ. ಸ್ವಾಗತಕ್ಕೆ ಮುಖ್ಯ ಅತಿಥಿಗಳಿಗೆ ಬೇಕಾದವರು ಸಿಗುತ್ತಾರೆ, ಪ್ರಾರ್ಥನೆಗೆ ಕಂಠ ಇದ್ದವರು, ನಿರೂಪಣೆಗೆ ಉಸಿರು ಬಿಡದೆ ಮಾತಾಡುವವರು. ಇದ್ಯಾವುದೂ ಇಲ್ಲದವನ ಪಾಲಿಗೆ ವಂದನಾರ್ಪಣೆ. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿಯೂ ತಾಲ್ಲೂಕಾದ ಮೇಲಂತೂ ಕಚೇರಿ ಹೆಚ್ಚಿ, ಉದ್ಘಾಟನೆ ಹೆಚ್ಚಿ, ಕೃತಜ್ಞತೆಯ ಕೆಲಸಕ್ಕೂ ಬಿಡುವಿಲ್ಲದಂತಾಯಿತು.

ಹೊನ್ನಾಳಿ ಕಡೆಯ ಸಭಾಭವನವೊಂದರ ಒಂದು ಮಧ್ಯಾಹ್ನ. ಅಧ್ಯಕ್ಷೀಯ ಭಾಷಣ ಮುಗಿಯುವುದರೊಳಗೆ ಹಿಂಬಾಗಿಲಿನಿಂದ ಸಾರಿನ ಒಗ್ಗರಣೆ ಘಮ್ಮೆಂದಿತು. ಹಿಂದಿನ ಸಾಲುಗಳು ಎದ್ದವು. ಲೇಖಕ ಜೇಬಿನಿಂದ ಚೀಟಿ ತೆಗೆದು “ವೇದಿಕೆಯ ಮೇಲೆ ಆಸೀನರಾಗಿರುವ” ಎನ್ನುವಾಗ ಆಸೀನರೆಲ್ಲ ಶಾಲು ಹೆಗಲಿಗೇರಿಸಿ ಮೆಟ್ಟಿಲು ಇಳಿಯುತ್ತಿದ್ದರು. ದಾನಿಗಳ ಹೆಸರು ಬಂದಾಗ ದಾನಿಗಳು ಎಲೆಗೆ ನೀರು ಚಿಮುಕಿಸುತ್ತಿದ್ದರು. ಮಾಧ್ಯಮ ಮಿತ್ರರಿಗೆ ವಂದಿಸುವ ಹೊತ್ತಿಗೆ ಅವರು ಪಾಯಸಕ್ಕೆ ತಲುಪಿದ್ದರು. ಧ್ವನಿವರ್ಧಕದವರನ್ನು ನೆನೆದದ್ದೇ ತಡ, ಧ್ವನಿವರ್ಧಕದವನೇ ವೈರು ಸುತ್ತುತ್ತ ಬಂದು ಕೈಯಲ್ಲಿದ್ದ ಮೈಕು ಇಸಿದುಕೊಂಡ. ಉಳಿದವನು ಶಾಮಿಯಾನದ ಹುಡುಗ ಒಬ್ಬನೇ, ಕುರ್ಚಿಯ ಮೇಲೆ ಕುರ್ಚಿ ಪೇರಿಸುತ್ತಿದ್ದ.

“ನೀವು ಹೇಳ್ತಾ ಇರಿ ಸಾರ್, ನಾನು ಕೇಳ್ತೀನಿ. ಆ ಕುರ್ಚಿ ಒಂದು ಈ ಕಡೆ ತಳ್ಳಿ.”

ಲೇಖಕ ಕುರ್ಚಿ ತಳ್ಳಿದ, ಚೀಟಿ ಬಿಡಲಿಲ್ಲ. ಕೊನೆಯ ಸಾಲಿನಲ್ಲಿ “ಶಾಮಿಯಾನದವರಿಗೆ” ಎಂದು ಬರುತ್ತಲೇ ಹುಡುಗನ ಕೈ ನಿಂತಿತು. ಪೇರಿಸಿದ ಕುರ್ಚಿಗಳನ್ನು ಕೆಳಗಿಟ್ಟು ಮೊಬೈಲು ತೆಗೆದ. “ಇನ್ನೊಂದ್ಸಲ ಹೇಳಿ ಸಾರ್, ಓನರ್‌ಗೆ ವಿಡಿಯೊ ಕಳಿಸ್ತೀನಿ.” ಮೈಕಿಲ್ಲ, ಸಭಿಕರಿಲ್ಲ. ಲೇಖಕ ಎದೆಯುಬ್ಬಿಸಿ, ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಎಂದು ಶುರುಮಾಡಿ, ಶಾಮಿಯಾನದ ನೆರಳು, ಕುರ್ಚಿಯ ಬಿಳುಪು, ಕಾರ್ಪೆಟ್ಟಿನ ಕೆಂಪು ಎಲ್ಲವನ್ನೂ ಕೊಂಡಾಡಿದ. ಅಷ್ಟು ಸೊಗಸಾದ ವಂದನಾರ್ಪಣೆ ಅವನ ಬಾಯಿಂದ ಅದಕ್ಕೆ ಮೊದಲು ಬಂದಿಲ್ಲ, ಆಮೇಲೂ ಬಂದಿಲ್ಲ. ಊಟದ ಮನೆಗೆ ಹೋದಾಗ ಅನ್ನ ಸಾರು ಇತ್ತು, ಪಾಯಸ ಮುಗಿದಿತ್ತು.

ಇಷ್ಟೆಲ್ಲ ವಂದಿಸುವವನು ಮನೆಯಲ್ಲಿ ಯಾರಿಗೂ ವಂದಿಸಿದ್ದು ಕಾಣೆ ಎಂದು ಹೆಂಡತಿ ಗುರುತಿಸಿದ ಮೇಲೆ ಕೃತಜ್ಞತೆ ಬರೆದಿಡುವ ಅಭ್ಯಾಸಕ್ಕೆಂದು ಒಂದು ನೋಟ್‌ಬುಕ್ ಬಂತು. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಒದಗಿಬಂದ ಒಳ್ಳೆಯದನ್ನು ವಾರವಾರ ಬರೆದಿಟ್ಟ ವಿದ್ಯಾರ್ಥಿಗಳು, ಕಿರಿಕಿರಿ ಬರೆದಿಟ್ಟವರಿಗಿಂತ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದ ಇದ್ದರು. ಸೋನ್ಯಾ ಲ್ಯುಬೊಮಿರ್ಸ್ಕಿ ತಂಡದ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಆದ ಲಾಭ ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಈ ಎರಡನೆಯ ಸಂಶೋಧನೆ ಲೇಖಕನಿಗೆ ತುಂಬ ಹಿಡಿಸಿತು.

ನೋಟ್‌ಬುಕ್ ಬರುವ ಮೊದಲೂ ಈ ಸೀಮೆ ಸುಮ್ಮನೆ ಕುಳಿತಿರಲಿಲ್ಲ. ಆಯುಧಪೂಜೆಯ ದಿನ ಮನೆಯ ಮಿಕ್ಸಿಗೂ ಕುಂಕುಮ ಬೀಳುತ್ತದೆ, ಇಳಿಗೆಮಣೆಗೂ ಹೂವು ಏರುತ್ತದೆ. ಬಾಳೆಕಂದು ಕಟ್ಟಿಕೊಂಡ ಕೆಂಪು ಬಸ್ಸು ಮದುವೆಗೆ ಹೊರಟಂತೆ ನಿಲ್ದಾಣಕ್ಕೆ ಬರುತ್ತದೆ. ಈ ಋಣಕ್ಕೆ ಸರ್ಕಾರಿ ದರವೂ ಉಂಟು: ಬಸ್ಸೊಂದರ ಪೂಜೆಗೆ ಕೆಎಸ್‌ಆರ್‌ಟಿಸಿ 100 ರೂಪಾಯಿ ಕೊಡುತ್ತಿದ್ದದ್ದು 2024ರಲ್ಲಿ 250 ಆಯಿತು. ಚನ್ನಗಿರಿಯ ಸೂಳೆಕೆರೆ ತುಂಬಿದರೆ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಕುಪ್ಪಸದ ಕಣ ಇಟ್ಟು ಬಾಗಿನ ಬಿಡುತ್ತಾರೆ. ಮೊರಕ್ಕೆ ಮೊದಲು ಕೈ ಹಾಕುವವರು ಯಾರು ಎಂಬ ಪೈಪೋಟಿಯಲ್ಲಿ ಕೆಲವೊಮ್ಮೆ ಕೆರೆಯೇ ಮರೆತುಹೋಗುವುದು ಬೇರೆ ಮಾತು.

ಆಶ್ವಯುಜದ ಭೂಮಿ ಹುಣ್ಣಿಮೆಗೆ ಬಂದರೆ ಲೇಖಕನ ಹುಡುಗಾಟ ತಣ್ಣಗಾಗುತ್ತದೆ. ಹೊನ್ನಾಳಿ, ನ್ಯಾಮತಿ ಕಡೆ ಪೈರು ಇನ್ನೂ ಹೊಲದಲ್ಲಿ ಇರುವಾಗಲೇ, ಭೂಮಿತಾಯಿ ಬಸುರಿ ಎಂದು ಸೀಮಂತ ಮಾಡಿ, ಹೊಲದ ತುಂಬ ಚರಗ ಚೆಲ್ಲುತ್ತಾರೆ. ಫಸಲು ಕೈಗೆ ಬಂದೇ ಬರುತ್ತದೆ ಎಂಬ ಭರವಸೆ ಯಾರೂ ಕೊಟ್ಟಿರುವುದಿಲ್ಲ. ಆದರೂ ರೈತ ಸಲ್ಲಿಸುವ ಈ ಮುಂಗಡ ಅವನ ಸ್ವಂತ ಅಡುಗೆಮನೆಯದು.

ಜಗಳೂರಿನಲ್ಲಿ ಇನ್ನೊಂದು ಬಗೆಯ ಮುಂಗಡ ನಡೆಯುತ್ತದೆ. ಅದು ಬರದ ನಾಡು. ಹರಿಹರದ ಹತ್ತಿರ ತುಂಗಭದ್ರೆಯಿಂದ ನೀರೆತ್ತಿ ಆ ಭಾಗದ 57 ಕೆರೆ ತುಂಬಿಸುವ ಯೋಜನೆಗೆ ಜನ ವರ್ಷಗಟ್ಟಲೆ ಕಾದರು. ತಾಲ್ಲೂಕಿಗೆ ನೀರು ಕೊಡಬೇಕಾದ ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು. ಹಣ ಬರುವುದಕ್ಕೆ ಮೊದಲೇ ಜಗಳ ಶುರುವಾಯಿತು. ಇಂಥ ಕಡೆ ಬಂದು, ಇದ್ದುದರಲ್ಲೇ ತೃಪ್ತಿಪಡಿ, ಇದ್ದುದಕ್ಕೆ ಕೃತಜ್ಞರಾಗಿರಿ ಎಂದು ಉಪದೇಶ ಮಾಡುವವರನ್ನು ಕಂಡರೆ ಲೇಖಕನಿಗೆ ಮೈ ಉರಿಯುತ್ತದೆ. ಅವರ ಮನೆ ನಲ್ಲಿಯಲ್ಲಿ ಯಾವಾಗಲೂ ನೀರಿರುತ್ತದೆ.

ಅವರಿಗಿಂತಲೂ ಚುರುಕು ಫ್ಲೆಕ್ಸ್ ಹಾಕಿಸುವವರು. ಅನುದಾನದ ಸುದ್ದಿ ಬಂದರೆ ಸಾಕು, ಸರ್ಕಲ್ಲಿನಲ್ಲಿ “ಹೃತ್ಪೂರ್ವಕ ಕೃತಜ್ಞತೆಗಳು”. ನಾಯಕರದು ಆಳೆತ್ತರದ ಚಿತ್ರ, ಕೆಳಗೆ ಸಾಲಾಗಿ ಪಾಸ್‌ಪೋರ್ಟ್ ಅಳತೆಯ ಕೃತಜ್ಞರು. ಇವರು ಕೊಂಚ ತಾಳಬೇಕು. ನೀರು ಕೆರೆಗೆ ಬಂದು, ಕೆರೆ ಕೋಡಿ ಬಿದ್ದ ಮೇಲೆ ಬೇಕಾದಷ್ಟು ವಂದಿಸಲಿ, ಕರೆದರೆ ಲೇಖಕನೂ ಚೀಟಿ ಹಿಡಿದು ಬರುತ್ತಾನೆ. ಬಟ್ಟೆಯ ಬ್ಯಾನರ್ ಆದರೆ ಒಳ್ಳೆಯದು, ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ.