ಕಾಲುಗಂಟೆ ಮುಂದಿರುವ ವಿದೇಶ

ನಮ್ಮ ಬೀದಿಯಲ್ಲಿ ವಿದೇಶಗಳಿಗೂ ಅಂತಸ್ತುಂಟು. ಅಮೆರಿಕ ಮೇಲಿನದು, ಮಕ್ಕಳು ಅಲ್ಲಿರುತ್ತಾರೆ. ಯುರೋಪು ಅದಕ್ಕೂ ಒಂದು ಕೈ ಮೇಲು, ಸ್ವಂತ ದುಡ್ಡಿನಲ್ಲಿ ಹೋಗಬೇಕು. ಸಿಂಗಪುರ, ದುಬೈ ನಡುಮನೆಯ ಲೆಕ್ಕ. ನೇಪಾಳ ಮಾತ್ರ ಯಾವ ಲೆಕ್ಕಕ್ಕೂ ಇಲ್ಲ. "ನೇಪಾಳಕ್ಕೆ ಹೊರಟಿದ್ದೇವೆ" ಎಂದರೆ "ಓ, ಹಂಗೇ ಕಾಶೀನೂ ಮುಗಿಸ್ಕೊಂಡು ಬನ್ನಿ" ಎನ್ನುತ್ತಾರೆ. ತಪ್ಪು ಅವರದಲ್ಲ. 1950ರ ಒಪ್ಪಂದದ ಪುಣ್ಯದಿಂದ ನಮಗೆ ಅಲ್ಲಿಗೆ ವೀಸಾ ಬೇಕಿಲ್ಲ. ವೀಸಾ ಕೇಳದ ದೇಶದ ಮೇಲೆ ನಮಗೆ ಗೌರವ ಹುಟ್ಟುವುದು ಕಷ್ಟ.

ಆದರೆ ನಮ್ಮ ಸೋದರಮಾವ ಇದನ್ನು ಒಪ್ಪುವವರಲ್ಲ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಹೊರಡುವ ಮುಂಚೆಯೇ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ "ನೇಪಾಳ: ಸಾಮಾನ್ಯ ಮಾಹಿತಿ" ಎಂದು ಬರೆದಿದ್ದರು. ರಾಜಧಾನಿ ಕಠ್ಮಂಡು. ಅರಸೊತ್ತಿಗೆ ಹೋದದ್ದು 2008. ರಾಷ್ಟ್ರಪ್ರಾಣಿ ಹಸು. ಬಾವುಟ ಆಯತಾಕಾರದ್ದಲ್ಲ, ಒಂದರ ಮೇಲೊಂದು ಎರಡು ತ್ರಿಕೋನ. ಅದನ್ನು ಎಲ್ಲಿಂದ ಎಲ್ಲಿಗೆ ಗೆರೆ ಎಳೆದು ಬರೆಯಬೇಕೆಂಬ ರೇಖಾಗಣಿತ ಆ ದೇಶದ ಸಂವಿಧಾನದಲ್ಲೇ ಇದೆ. ಅದನ್ನು ಓದಿ ಮಾವ "ಹಿಂಗಿರಬೇಕು ಡ್ರಾಫ್ಟಿಂಗು" ಎಂದು ತಲೆದೂಗಿದರು.

ದಾಖಲೆಯ ಪುಟದಲ್ಲಿ ಅವರು ಬರೆದಿದ್ದು ಒಂದೇ ಸಾಲು: "ಆಧಾರ್ ಸಾಕು." ಅವರ ಮಟ್ಟಿಗೆ ಅದು ಸರಿ, ಅವರಿಗೆ ಎಪ್ಪತ್ತು ದಾಟಿದೆ. ನಿಯಮ ಇರುವುದು ಹೀಗೆ: ವಿಮಾನದಲ್ಲಿ ನೇಪಾಳಕ್ಕೆ ಹೋಗುವ ಭಾರತೀಯರ ಕೈಯಲ್ಲಿ ಪಾಸ್‌ಪೋರ್ಟ್ ಇರಬೇಕು, ಇಲ್ಲವೇ ಚುನಾವಣಾ ಆಯೋಗದ ಗುರುತಿನ ಚೀಟಿ. ಆಧಾರ್ ನಡೆಯುವುದು ಹದಿನೈದರ ಕೆಳಗಿನವರಿಗೆ ಮತ್ತು ಅರವತ್ತೈದರ ಮೇಲಿನವರಿಗೆ. ಸಿಮ್ಮಿನಿಂದ ಸಿಲಿಂಡರಿನವರೆಗೆ ಇಲ್ಲಿ ಎಲ್ಲಕ್ಕೂ ಸಲ್ಲುವ ಕಾರ್ಡು ನಡುವಯಸ್ಸಿನವರಿಗೆ ಅಲ್ಲಿ ಸಲ್ಲದು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ಅತ್ತೆಯ ಆಧಾರ್ ಕಾರ್ಡನ್ನು ಹಿಡಿದುಕೊಂಡು, "ಅಮ್ಮಾ, ನಿಮಗೆ ಅರವತ್ತೈದು ಆಗಿದೆಯಾ?" ಎಂದಳು. ಗಟ್ಟಿಯಾಗಿಯೇ ಕೇಳಿದಳು. ಹಿಂದೆ ಅದೇ ಟೂರಿಗೆ ಹೊರಟಿದ್ದ ಮಹಿಳಾ ಸಮಾಜದವರ ಸಾಲು. ಆ ಸಾಲಿನ ಮಟ್ಟಿಗೆ ಅತ್ತೆಗೆ ಬಹಳ ಕಾಲದಿಂದ ಐವತ್ತೊಂಬತ್ತು. ಅತ್ತೆ ಹಿಂದೆ ತಿರುಗಿ ನೋಡಿದರು, ಮುಂದೆ ನೋಡಿದರು, ಸೆರಗು ಸರಿಮಾಡಿಕೊಂಡರು. "ಆಗಿಲ್ಲ ಅಂದ್ರೆ?" ಎಂದು ಮೆಲ್ಲಗೆ ಕೇಳಿದರು. "ಆಗಿಲ್ಲ ಅಂದ್ರೆ ಹೋಗೋಕಾಗಲ್ಲ ಅಮ್ಮ." ಅತ್ತೆ ಕೌಂಟರಿನ ಮೇಲೆ ಬಗ್ಗಿ, "ಅದರಲ್ಲಿ ಏನು ಬರೆದಿದೆಯೋ ಅದನ್ನೇ ಇಟ್ಕೊಳಮ್ಮ, ಬಾಯಲ್ಲಿ ಹೇಳಬೇಡ" ಎಂದರು. ವಯಸ್ಸಾದದ್ದಕ್ಕೆ ಇಷ್ಟು ತಕ್ಷಣ ಫಲ ಸಿಗುವ ಬೇರೆ ಗಡಿ ನನಗೆ ಗೊತ್ತಿಲ್ಲ.

ವಿದೇಶ ಎನ್ನುವುದು ಅಲ್ಲಿ ಇಳಿದ ಮೇಲೆ ನಿಧಾನವಾಗಿ ತಟ್ಟುತ್ತದೆ. ಮೊದಲು ಗಡಿಯಾರದಲ್ಲಿ. ನಮ್ಮ ಗಡಿಯಾರ ಮಿರ್ಜಾಪುರದ ಬಳಿ ಹಾಯುವ ರೇಖಾಂಶವನ್ನು ನೆಚ್ಚಿಕೊಂಡಿದ್ದರೆ, ನೇಪಾಳದ್ದು ಗೌರೀಶಂಕರ ಪರ್ವತದ ರೇಖಾಂಶವನ್ನು. 1986ರಿಂದ ಅವರು ನಮಗಿಂತ ಸರಿಯಾಗಿ ಕಾಲುಗಂಟೆ ಮುಂದೆ. ಅರ್ಧಗಂಟೆಯಾದರೆ ಒಪ್ಪಬಹುದು, ಈ ಹದಿನೈದು ನಿಮಿಷವನ್ನು ಎಲ್ಲಿಡುವುದು? ಮೊಬೈಲುಗಳು ತಾವೇ ತಿದ್ದಿಕೊಂಡವು. ಮಾವ ಮಾತ್ರ ಮದುವೆಯಲ್ಲಿ ಕೊಟ್ಟ ಎಚ್‌ಎಂಟಿಯನ್ನು ತಿರುಗಿಸಲು ಒಪ್ಪಲಿಲ್ಲ. "ನಾಲ್ಕು ದಿನಕ್ಕೆ ಯಾಕೆ ಅದರ ಕೀಲು ಸವೆಸೋದು?" ಪರಿಣಾಮವಾಗಿ, ಸರ್ವಿಸಿನಲ್ಲಿ ಒಂದು ದಿನವೂ ತಡವಾಗದ ಮನುಷ್ಯ ಕಠ್ಮಂಡುವಿನಲ್ಲಿ ಪ್ರತಿ ಬೆಳಿಗ್ಗೆ ಹದಿನೈದು ನಿಮಿಷ ತಡ. ಏಳಕ್ಕೆ ಸರಿಯಾಗಿ ಬಂದೆನೆಂಬ ಠೀವಿಯಲ್ಲಿ ಬಸ್ಸು ಹತ್ತುತ್ತಿದ್ದರು. ಮಹಿಳಾ ಸಮಾಜ ಮುಖ ತಿರುಗಿಸುತ್ತಿತ್ತು.

ಗಡಿಯಾರವೇ ವಾಸಿ, ಕ್ಯಾಲೆಂಡರ್ ಇನ್ನೂ ದೂರ ಓಡಿದೆ. ಅಲ್ಲಿ ಸರ್ಕಾರಿ ವ್ಯವಹಾರವೆಲ್ಲ ವಿಕ್ರಮ ಶಕೆಯಲ್ಲಿ, ನಮ್ಮ ಇಸವಿಗಿಂತ ಸುಮಾರು 57 ವರ್ಷ ಮುಂದೆ. ಹೊಸ ವರ್ಷ ಏಪ್ರಿಲ್ ನಡುವಿನಲ್ಲಿ. ಪಾತ್ರೆ ಅಂಗಡಿಯೊಂದರ ಬೋರ್ಡಿನ ಮೇಲೆ "ಸ್ಥಾಪನೆ 2045" ಎಂದಿದ್ದುದನ್ನು ಓದಿ ಮಾವ ಅಲ್ಲೇ ನಿಂತರು. ಇನ್ನೂ ಸ್ಥಾಪನೆಯಾಗದ ಅಂಗಡಿಯಲ್ಲಿ ಅತ್ತೆ ಆಗಲೇ ಚೌಕಾಶಿ ಮಾಡಿ ಕಂಚಿನ ಬಟ್ಟಲು ಕೊಂಡಿದ್ದರು. ತಿಂಗಳುಗಳೂ ಅಷ್ಟೇ, ಇಪ್ಪತ್ತೊಂಬತ್ತು ದಿನದ್ದುಂಟು, ಮೂವತ್ತೆರಡು ದಿನದ್ದೂ ಉಂಟು. ಇದನ್ನು ಕೇಳಿದ ಮಾವ, "ಪಾಪ, ಮೂವತ್ತೆರಡನೇ ತಾರೀಖಿಗೆ ಸಂಬಳದವರ ಗತಿ ಏನು?" ಎಂದು ನಿಜವಾಗಿಯೂ ಮರುಗಿದರು.

ವಾರದ ರಜೆ ಅಲ್ಲಿ ಬಹುಕಾಲದಿಂದ ಶನಿವಾರ. ನಾನು ಇದನ್ನೂ ತಮಾಷೆಗೆ ಸೇರಿಸುವವನಿದ್ದೆ, ನಮ್ಮ ಗೈಡ್ ತಡೆದ. 2015ರ ಏಪ್ರಿಲ್ 25ರಂದು ನಡುಹಗಲು ಭೂಕಂಪವಾಗಿ ಸುಮಾರು ಒಂಬತ್ತು ಸಾವಿರ ಜನ ಸತ್ತರು, ಶಾಲೆಗಳು ಸಾವಿರಗಟ್ಟಲೆ ಕುಸಿದವು. ಅಂದು ಶನಿವಾರ. ಮಕ್ಕಳು ಶಾಲೆಯಲ್ಲಿರಲಿಲ್ಲ. ಅಷ್ಟು ಹೇಳಿ ಆತ ಬೇರೆ ವಿಷಯಕ್ಕೆ ಹೋದ. ಹೋದದ್ದು ದೀಪಾವಳಿಗೆ. ಅವರು ತಿಹಾರ್ ಎಂದು ಆಚರಿಸುವ ಹಬ್ಬದ ಮೊದಲ ದಿನ ಕಾಗೆಗೆ ಎಡೆ, ಎರಡನೇ ದಿನ ನಾಯಿಗೆ ಪೂಜೆ. ಬೀದಿನಾಯಿಗೂ ಕುಂಕುಮ, ಚೆಂಡುಹೂವಿನ ಹಾರ.

ದುಡ್ಡಿನ ಮಾತು ಚಿಕ್ಕದು. ನಮ್ಮ ನೂರು ರೂಪಾಯಿಗೆ ಅವರ ನೂರಅರವತ್ತು. 1993ರಿಂದ ಈ ದರ ಅಲುಗಿಲ್ಲ. ನಮ್ಮ ನೂರರ ನೋಟು ಎಲ್ಲೆಡೆ ಸಲೀಸು. ಐನೂರರ ಬಗ್ಗೆ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಎವರೆಸ್ಟಿನ ಮಾತೂ ಚಿಕ್ಕದೇ, ಏಕೆಂದರೆ ಅದು ಕಠ್ಮಂಡುವಿನಿಂದ ಸಾಮಾನ್ಯವಾಗಿ ಕಾಣುವುದಿಲ್ಲ. 2020ರ ಅಳತೆಯಂತೆ ಅದರ ಎತ್ತರ 8,848.86 ಮೀಟರ್, ಆದರೆ ಕಠ್ಮಂಡು ಇರುವುದು 1,400 ಮೀಟರಿನ ಆಸುಪಾಸಿನ ಬಟ್ಟಲಿನಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತ ಕೆಳಗೆ. ಸ್ವೆಟರಿನ ಮೇಲೆ ಸ್ವೆಟರು ಹೇರಿಕೊಂಡು ಬಂದ ಮಹಿಳಾ ಸಮಾಜ ಮಧ್ಯಾಹ್ನದ ಬಿಸಿಲಿನಲ್ಲಿ ಒಂದೊಂದನ್ನೇ ಕಳಚಿ ನನ್ನ ಕೈಗೆ ಕೊಟ್ಟಿತು.

ಸ್ವೆಟರುಗಳ ಸಮೇತ ಪಶುಪತಿನಾಥಕ್ಕೆ ಹೋದೆವು. ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ದಕ್ಷಿಣದವರು, ಹೆಚ್ಚಾಗಿ ನಮ್ಮ ಕರಾವಳಿಯ ಕಡೆಯವರು. ಗುಂಪಿನಲ್ಲಿದ್ದ ಉಡುಪಿಯ ಹಿರಿಯರೊಬ್ಬರಿಗಂತೂ ಇದು ನೆಂಟರ ಮನೆಯಾಗಿಬಿಟ್ಟಿತು. ಅವರ ದೇವರ ಪೆಟ್ಟಿಗೆಯ ಸಾಲಿಗ್ರಾಮ ಬಂದದ್ದು ಇಲ್ಲಿನ ಕಾಳಿ ಗಂಡಕಿಯಿಂದಲೇ. ಕಲ್ಲು ಇಲ್ಲಿಂದ ಅಲ್ಲಿಗೆ, ಭಟ್ಟರು ಅಲ್ಲಿಂದ ಇಲ್ಲಿಗೆ; ಪಾಸ್‌ಪೋರ್ಟ್ ಇಲ್ಲದ ಕಾಲದಿಂದ ಈ ವಿನಿಮಯ ನಡೆದಿದೆ.

ಇದರಿಂದ ಬೇಸತ್ತವರು ಮಾವ. ಎಲ್ಲಿ ನೋಡಿದರೂ ನಮ್ಮದೇ. ಇಷ್ಟು ಖರ್ಚು ಮಾಡಿ ಬಂದು ಒಂದಾದರೂ ಅಪ್ಪಟ ವಿದೇಶಿ ಪದಾರ್ಥ ತಿನ್ನಬೇಕೆಂದು ಹಟ ಹಿಡಿದರು. ಮೊಮೊ ಬೇಡವೆಂದರು, ಅಲ್ಲಿ ಬಫ್ ಎಂದರೆ ಎಮ್ಮೆ, ಅದು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿತ್ತು. ಕಠ್ಮಂಡುವಿನ ಥಮೇಲ್ ಬಡಾವಣೆಯ ಹೋಟೆಲಿನಲ್ಲಿ ಮೆನು ಪೂರ್ತಿ ಓದಿ, "ನೇಪಾಳಿ ವಿಶೇಷ" ಎಂದಿದ್ದ ಢಿಂಡೋ ಎಂಬುದಕ್ಕೆ ಬೆರಳಿಟ್ಟರು. ತಂದ ಹುಡುಗ ಕಂಚಿನ ತಟ್ಟೆಯ ಮುಚ್ಚಳ ತೆಗೆದ. ಕೋದೋ ಹಿಟ್ಟನ್ನು ಕುದಿನೀರಲ್ಲಿ ತೊಳಸಿದ ಕಂದು ಗುಡ್ಡೆ, ಹಬೆಯಾಡುತ್ತಿತ್ತು. ಪಕ್ಕದಲ್ಲಿ ಹುಳಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್. ಕೋದೋ ಎಂದರೆ ರಾಗಿ.

ಮಾವ ಮಾತಾಡಲಿಲ್ಲ. ಅಂಚಿನಿಂದ ಒಂದು ತುತ್ತು ಮುರಿದು, ಉಂಡೆ ಮಾಡಿ, ಗುಂದ್ರುಕ್ಕಿನ ರಸದಲ್ಲಿ ಅದ್ದಿ ನುಂಗಿದರು. ಆಮೇಲೆ ಅಭ್ಯಾಸಬಲದಿಂದ ಕನ್ನಡದಲ್ಲೇ, "ಬಸ್ಸಾರು ಇಲ್ವೇನಪ್ಪಾ?" ಎಂದುಬಿಟ್ಟರು.

"ಇಲ್ಲ ಸಾರ್," ಎಂದ ಹುಡುಗ, ಅಚ್ಚ ಬೆಂಗಳೂರು ಕನ್ನಡದಲ್ಲಿ. "ಮಾರತ್‌ಹಳ್ಳಿ ಹೋಟೆಲಲ್ಲಿ ಕೆಲಸ ಮಾಡ್ತಿದ್ದೆ. ಅಲ್ಲೂ ಮಧ್ಯಾಹ್ನ ಎರಡು ಗಂಟೆಗೇ ಖಾಲಿ ಆಗ್ತಿತ್ತು."

ಮಾವ ಎಚ್‌ಎಂಟಿ ನೋಡಿಕೊಂಡರು. "ಇನ್ನೂ ಒಂದು ಮುಕ್ಕಾಲಲ್ವೇನೋ!"