ಹೊಳೆ ಏರಿದಾಗ ಎದೆ ಬಳಸುವ ವಿಧಾನ

ಈ ಕೈಪಿಡಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆಸಾಲಿನ ಗ್ರಾಹಕರಿಗೆ. ಹೆದರಿಕೆಯ ಯಂತ್ರ ನೀವು ಹುಟ್ಟುವಾಗಲೇ ತಲೆಯೊಳಗೆ ಜೋಡಿಸಿ ಬಂದಿರುತ್ತದೆ, ವಾಪಸ್ ಪಡೆಯುವುದಿಲ್ಲ.

ಭಾಗಗಳ ಪರಿಚಯ: ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಆಕಾರದ ಗಂಟು. ಹೆಸರು ಅಮಿಗ್ಡಾಲ. "ಕೊಯ್ನಾ ಡ್ಯಾಮಿನ ನೀರ ಬಿಟ್ಟಾರಂತ!" ಎಂದು ಅಗಸಿಯಲ್ಲಿ ಯಾರೋ ಕೂಗಿದರೆ ಸಾಕು, ನಿಜವೋ ಸುಳ್ಳೋ ಎಂದು ನೀವು ಯೋಚಿಸುವ ಮೊದಲೇ ಇದು ಎದೆ ಬಡಿಸಿ, ಅಂಗೈ ಬೆವರಿಸಿಬಿಡುತ್ತದೆ. ಎಷ್ಟು ಕ್ಯೂಸೆಕ್, ಯಾವಾಗ ಬಿಟ್ಟರು ಎಂದು ವಿಚಾರಿಸುವುದು ಹಣೆಯ ಹಿಂದಿನ ಭಾಗ. ಅದು ಸಾವಕಾಶ ಏಳುತ್ತದೆ. ಈ ತಡವನ್ನು ತಯಾರಿಕೆಯ ದೋಷವೆಂದು ದೂರಬೇಡಿ. 2005, 2019, 2021ರ ಮಹಾಪೂರ ಕಂಡವರಲ್ಲಿ ಈ ಗಂಟು ಶ್ರಾವಣದ ಮೋಡಕ್ಕೂ ಕೂಗುವುದುಂಟು.

ಬಳಸುವ ಕ್ರಮ: ಮೊದಲು ದನಕರ ಎತ್ತರದ ಜಾಗಕ್ಕೆ ಹೊಡೆಯಿರಿ. ರೇಷನ್ ಕಾರ್ಡು, ಹೊಲದ ಉತಾರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಕಣ್ಣು ಮುಚ್ಚಿ ಕೂಡುವುದು ಆಮೇಲೆ. ಈ ಕ್ರಮ ತಿರುವುಮುರುವಾದರೆ ಕಂಪನಿ ಹೊಣೆಯಲ್ಲ.

ಕಾಳಜಿ ಕೇಂದ್ರದ ಮೂಲೆಯಾದರೂ ಸರಿ, ಈಗ ಕೂಡಿ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಬಿಡುವಾಗ ವೇಗಸ್ ನರ ಹೃದಯದ ಓಟವನ್ನು ತಗ್ಗಿಸುತ್ತದೆ. ಇಷ್ಟಲಿಂಗ ಧರಿಸಿದವರಿಗೆ ಬೇರೆ ಸಲಕರಣೆ ಬೇಡ, ಎಡ ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸುವ ವಿದ್ಯೆ ಮನೆಯಲ್ಲೇ ಇದೆ. 1921ರಲ್ಲಿ ಲಿಂಗೈಕ್ಯರಾದ ಅಥಣಿ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ ಬಾಳೆಲ್ಲ ಇದರಲ್ಲೇ ಸವೆಯಿತು. ಅವರು ಎಂಆರ್‌ಐ ಕೇಳಲಿಲ್ಲ. ನಮಗೆ ಅದರ ಸಾಕ್ಷಿ ಬೇಕು. ತಗೊಳ್ಳಿ: 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಪ್ರಯೋಗದಲ್ಲಿ, 8 ವಾರ ಗಮನ ನಿಲ್ಲಿಸುವ ಧ್ಯಾನ ಕಲಿತವರಿಗೆ ಬಗೆಬಗೆಯ ಭಾವ ಎಬ್ಬಿಸುವ ಚಿತ್ರ ತೋರಿಸಿದರು. ಧ್ಯಾನಕ್ಕೆ ಕೂಡದ ಹೊತ್ತಿನಲ್ಲೂ ಬಲಗಡೆಯ ಅಮಿಗ್ಡಾಲದ ಕೂಗು ತಗ್ಗಿತ್ತು. ತಗ್ಗಿತ್ತು ಅಷ್ಟೆ, ಬಂದ್ ಆಗಿರಲಿಲ್ಲ.

ಎಚ್ಚರಿಕೆ: ಬಂದ್ ಮಾಡುವ ಗುಂಡಿ ಹುಡುಕಬೇಡಿ. ಕಲ್ಲೋಳ–ಯಡೂರ ಸೇತುವೆ ಮುಳುಗಿದಾಗ ಅದರ ಮೇಲೆ ಬೈಕ್ ನುಗ್ಗಿಸುವವನು ಯೋಗಿಯಲ್ಲ, ಅವನ ಯಂತ್ರ ಕೆಟ್ಟಿದೆ. ಉಸಿರು ಹದಕ್ಕೆ ಬಂದ ಮೇಲೆ ಲೆಕ್ಕ ಕೇಳಿ: ರಾಜಾಪುರ ಬ್ಯಾರೇಜಿನಿಂದ ಎಷ್ಟು, ದೂಧಗಂಗಾದಿಂದ ಎಷ್ಟು? ಎರಡೂ ಕೂಡಿ ಬರುವುದು ಕಲ್ಲೋಳಕ್ಕೆ. ಆ ಅಂಕಿಗೆ ತಹಶೀಲ್ದಾರ್ ಕಚೇರಿಯನ್ನು ಕೇಳಿ, ವಾಟ್ಸ್‌ಆ್ಯಪ್ ಗುಂಪನ್ನಲ್ಲ.

ಹೊಳೆ ಇಳಿದು ತಿಂಗಳಾದರೂ ಮಳೆ ಸಪ್ಪಳಕ್ಕೆ ಬೆಚ್ಚಿ ಏಳುತ್ತಿದ್ದರೆ ಈ ಕೈಪಿಡಿ ಸಾಲದು. ಸರ್ಕಾರದ ಟೆಲಿ ಮಾನಸ್‌ಗೆ ಫೋನ್ ಹಚ್ಚಿ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ.