ಲೆನ್ಸ್ ಭಾವ

ಹತ್ತಿಪ್ಪತ್ತು ಮಂದಿ ಇರುವ ಯಾವ ಕುಟುಂಬವನ್ನಾದರೂ ನೋಡಿ, ಅದರಲ್ಲಿ ಒಬ್ಬರು ಲೆನ್ಸ್ ಭಾವ ಇದ್ದೇ ಇರುತ್ತಾರೆ. ವಯಸ್ಸು ನಲವತ್ತರ ಆಸುಪಾಸು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಜೆ.ಪಿ. ನಗರದಲ್ಲೋ ವಿಜಯನಗರದಲ್ಲೋ ಫ್ಲಾಟು, ಬೆನ್ನ ಮೇಲೆ ಕಪ್ಪು ಬ್ಯಾಗು. ನಾಮಕರಣಕ್ಕೆ ಬಂದವರೆಲ್ಲ ಮಗುವಿನ ಮುಖ ನೋಡಿದರೆ ಇವರು ಮಗುವಿನ ಹಿಂದಿನ ಗೋಡೆ ನೋಡುತ್ತಾರೆ. ಭಾವಮೈದನಿಗೆ ಹೆಣ್ಣು ನೋಡಲು ಹೋದಲ್ಲಿ ‘ಹುಡುಗಿ ಹೇಗಿದ್ದಾಳೆ?’ ಎಂದು ಅತ್ತೆ ಪಿಸುಗುಟ್ಟಿದಾಗ, ‘ಉತ್ತರದ ಕಿಟಕಿ ತುಂಬಾ ಚೆನ್ನಾಗಿದೆ’ ಎಂದು ಉತ್ತರ ಕೊಟ್ಟವರು.

ಎಲ್ಲ ಶುರುವಾದದ್ದು ಮಗಳು ಹುಟ್ಟಿದ ವರ್ಷ. ಆಗ ಕೊಂಡ ಕ್ಯಾಮೆರಾದ ಜೊತೆ 18–55 ಮಿ.ಮೀ. ಕಿಟ್ ಲೆನ್ಸು ಬಂದಿತ್ತು. ಅದರಲ್ಲಿ ಮಗು, ತೊಟ್ಟಿಲು, ಅಜ್ಜಿ, ಅಜ್ಜಿಯ ಹಿಂದಿನ ಬೀರು, ಬೀರುವಿನ ಮೇಲಿನ ಸೂಟ್‌ಕೇಸು ಎಲ್ಲವೂ ಒಂದೇ ಸಮನೆ ಸ್ಪಷ್ಟ. ಆಫೀಸಿನಲ್ಲಿ ಯಾರೋ ‘50 ಎಫ್/1.8 ತೊಗೊಳ್ಳಿ ಸಾರ್’ ಎಂದರು. ಎಫ್ ಪಕ್ಕದ ಅಂಕಿ ಕಿರಿದಾದಷ್ಟೂ ಲೆನ್ಸಿನ ಬಾಯಿ ಅಗಲ, ಹಿನ್ನೆಲೆ ಮಸುಕು. ಕ್ಯಾನನ್ನಿನ ಆ ಲೆನ್ಸು ಬರೀ 160 ಗ್ರಾಂ, ಮೈ ಬಹುಪಾಲು ಪ್ಲಾಸ್ಟಿಕ್, ಲೆನ್ಸುಗಳ ಲೋಕದಲ್ಲಿ ಅಗ್ಗದ ಸರಕು. ಭಾವನ ಆಗಿನ ಚಿಕ್ಕ ಸೆನ್ಸರಿನ ಕ್ಯಾಮೆರಾಕ್ಕೆ ಸಿಕ್ಕಿಸಿದರೆ ನೋಟ 1.6 ಪಟ್ಟು ಕಿರಿದಾಗಿ, ಅದು 80 ಮಿ.ಮೀ. ಲೆನ್ಸಿನ ಕೆಲಸ ಮಾಡುತ್ತದೆ. ಮುಖ ತೆಗೆಯಲು ಹೇಳಿ ಮಾಡಿಸಿದ ಅಳತೆ. ಭಾವ ಮಗಳನ್ನು ಟೆರೇಸಿನ ನೆರಳಿನಲ್ಲಿ ಕೂರಿಸಿ ಕ್ಲಿಕ್ಕಿಸಿದರು. ನೀರಿನ ಟ್ಯಾಂಕು ಮಾಯ. ಡಿಶ್ ಆಂಟೆನಾ ಮಾಯ. ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆ ಬರೀ ಬಣ್ಣದ ಚುಕ್ಕೆಗಳಾಗಿ ಉಳಿಯಿತು.

ಅಂದಿನಿಂದ ಅವರು ಮಾಯ ಮಾಡುವುದನ್ನು ನಿಲ್ಲಿಸಿಲ್ಲ.

ದೊಡ್ಡ ಸೆನ್ಸರಿನ ಕ್ಯಾಮೆರಾ ಬಂತು. ಅದಕ್ಕೆ 85 ಎಫ್/1.8 ಬಂತು. ಅಂಗಡಿಯ ಗಾಜಿನೊಳಗೆ ಅದರ ಪಕ್ಕದಲ್ಲೇ 1.4 ಇದೆ, 1.2 ಇದೆ ಎಂಬುದೂ ಕಣ್ಣಿಗೆ ಬಿತ್ತು. ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪು; 1.8ರಿಂದ 1.4ಕ್ಕೆ ಹೋದರೆ ಸಿಗುವ ಹೆಚ್ಚಿನ ಬೆಳಕು ಒಂದು ಸ್ಟಾಪಿನ ಮೂರರಲ್ಲಿ ಎರಡು ಭಾಗ ಮಾತ್ರ. ಹೆಚ್ಚುವ ಬೆಲೆ ಯಾವ ಸ್ಟಾಪಿನ ಲೆಕ್ಕಕ್ಕೂ ಸಿಗುವುದಿಲ್ಲ. ಕ್ಯಾನನ್ನಿನ 85 ಎಫ್/1.8 ತೂಗುವುದು 425 ಗ್ರಾಂ, ಅದೇ ಅಳತೆಯ ಎಫ್/1.2 ತೂಗುವುದು 1,025 ಗ್ರಾಂ. ಈ ಅಂಕಿಗಳನ್ನು ಭಾವ ಊಟದ ಹೊತ್ತಿನಲ್ಲಿ ಹೇಳುತ್ತಾರೆ. ಅಕ್ಕ ಗ್ರಾಂ ಲೆಕ್ಕದಲ್ಲಿ ಅವರಿಗಿಂತ ಗಟ್ಟಿ. ಆದರೆ ಅಕ್ಕ ತೂಗುವುದು ಗಾಜನ್ನಲ್ಲ.

‘ಇದೊಂದು ಬಂದ್ರೆ ಮುಗೀತು ಕಣೆ, ಆಮೇಲೆ ಏನೂ ಬೇಡ.’

‘ಹೋದ ಸಲಾನೂ ಮುಗ್ದಿತ್ತು.’

ಎಫ್/1.2 ಬಂದದ್ದು ಅಮೆರಿಕದಲ್ಲಿರುವ ಭಾವಮೈದನ ಕೈಚೀಲದಲ್ಲಿ, ಡಬ್ಬಿಯಿಲ್ಲದೆ, ಮಕ್ಕಳ ಸ್ವೆಟರಿನಲ್ಲಿ ಸುತ್ತಿಕೊಂಡು. ವಿಮಾನ ನಿಲ್ದಾಣದಲ್ಲಿ ಭಾವ ಮೊದಲು ವಿಚಾರಿಸಿದ್ದು ಸ್ವೆಟರಿನ ಕ್ಷೇಮವನ್ನು.

ಅವರಿಗೊಂದು ಸಿದ್ಧಾಂತವೂ ಇತ್ತು: ಕ್ಯಾಮೆರಾ ಖರ್ಚು, ಲೆನ್ಸು ಆಸ್ತಿ. ಕ್ಯಾನನ್ 1987ರಲ್ಲಿ ತಂದ, ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸುವ ಇಎಫ್ ಮೌಂಟು ಮೂರು ದಶಕ ಗಟ್ಟಿಯಾಗಿ ನಿಂತಿದ್ದನ್ನು ನೋಡಿದರೆ ಆ ಮಾತು ಸುಳ್ಳೇನಲ್ಲ. ಆದರೆ 2018ರಲ್ಲಿ ಕ್ಯಾನನ್ ಆರ್‌ಎಫ್ ಮೌಂಟನ್ನೂ ನಿಕಾನ್ ಝಡ್ ಮೌಂಟನ್ನೂ ತಂದವು. ಕ್ಯಾನನ್ನಿನ ಹಳೆಯ ಇಎಫ್ ಲೆನ್ಸುಗಳು ಒಂದು ಅಡಾಪ್ಟರ್ ಹಾಕಿದರೆ ಹೊಸ ಕ್ಯಾಮೆರಾದಲ್ಲೂ ಸಲೀಸಾಗಿ ಕೆಲಸ ಮಾಡುತ್ತವೆ. ಆ ಅಡಾಪ್ಟರನ್ನು ಭಾವ ಕೊಂಡದ್ದೂ ಹೌದು. ಆದರೂ ಹೊಸ 70–200 ಎಫ್/2.8 ಏಕೆ ಬೇಕಾಯಿತು? 1,480 ಗ್ರಾಂ ಇದ್ದದ್ದು 1,070ಕ್ಕೆ ಇಳಿದಿದೆ, ಬೆನ್ನುನೋವಿಗೆ ಒಳ್ಳೆಯದು. ಹೊಸ 85 ಎಫ್/1.2? ಅದು 1,025ರಿಂದ 1,195 ಗ್ರಾಮಿಗೆ ಏರಿದೆ, ಅಂದಮೇಲೆ ಗಾಜು ಧಾರಾಳವಾಗಿ ಹಾಕಿದ್ದಾರೆ. ತೂಕ ಇಳಿದರೂ ಖರೀದಿಗೆ ಕಾರಣ, ಏರಿದರೂ ಕಾರಣ.

135 ಎಫ್/2 ಬಂದದ್ದು ಅತ್ತೆಯ ಮೂಗಿನ ದೆಸೆಯಿಂದ. ಗೃಹಪ್ರವೇಶದ ದಿನ ಅಂಗಳದಲ್ಲಿ ಜಾಗ ಸಾಲದೆ ಭಾವ 24 ಮಿ.ಮೀ.ನಲ್ಲಿ ಎರಡಡಿ ದೂರದಿಂದ ಅತ್ತೆಯ ಮುಖ ತೆಗೆದಿದ್ದರು. ‘ನನ್ನ ಮೂಗು ಇಷ್ಟು ದಪ್ಪ ಇದೆಯೇ?’ ಎಂದು ಅತ್ತೆ ಕೇಳಿದ್ದೇ ನೆಪ. ಮುಖದ ಆಕಾರ ಬದಲಾಗುವುದು ಲೆನ್ಸಿನಿಂದಲ್ಲ, ದೂರದಿಂದ. ಎರಡಡಿಯಲ್ಲಿ ನಿಂತರೆ ಕಿವಿಗಿಂತ ಮೂಗು ಕ್ಯಾಮೆರಾಕ್ಕೆ ಬಹಳ ಹತ್ತಿರ. ಎರಡು ಮೀಟರಿಗೆ ಸರಿದರೆ ಆ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಉದ್ದನೆಯ ಲೆನ್ಸು ಮಾಡುವ ಉಪಕಾರವೆಂದರೆ ಫೋಟೋಗ್ರಾಫರನ್ನು ದೂರ ನಿಲ್ಲಿಸುವುದು. ಗೇಟು ತೆಗೆದು ರಸ್ತೆಗೆ ಇಳಿದಿದ್ದರೂ ಮೂಗು ಸರಿಹೋಗುತ್ತಿತ್ತು. ಗೇಟಿನ ದಾರಿ ಭಾವನಿಗೆ ಹೊಳೆದದ್ದು 135ರ ಬಿಲ್ಲು ಪಾವತಿಸಿದ ಮೇಲೆ.

ಹಳೆಯ ಲೆನ್ಸುಗಳದು ಬೇರೆಯೇ ಕಪಾಟು. ರಷ್ಯಾದ ಹೀಲಿಯೋಸ್ 44–2 ಅಲ್ಲಿದೆ. ಮರದ ಕೆಳಗೆ ತೆಗೆದರೆ ಹಿಂದಿನ ಎಲೆಗಳೆಲ್ಲ ಸುಳಿ ಸುತ್ತುತ್ತವೆ. ನಿಕಾನ್ 105 ಎಫ್/2.5 ಇದೆ. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ಆಫ್ಘನ್ ಹುಡುಗಿ ಶರ್ಬತ್ ಗುಲಾಳ ಚಿತ್ರ ತೆಗೆದದ್ದು ಇಂಥದೇ ಲೆನ್ಸಿನಲ್ಲಿ; ಮರುವರ್ಷ ಅದು ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟಕ್ಕೆ ಬಂತು. ಲೆನ್ಸು ಕೈಸೇರಿದ ಭಾನುವಾರವೇ ಭಾವ ನಾದಿನಿಗೆ ಕೆಂಪು ದುಪಟ್ಟಾ ಹೊದಿಸಿ ಟೆರೇಸಿನ ಮೇಲೆ ನಿಲ್ಲಿಸಿದರು. ಮೆಕರಿ ಚಿತ್ರ ತೆಗೆದದ್ದು ಶಾಲೆ ನಡೆಯುತ್ತಿದ್ದ ಡೇರೆಯಲ್ಲಿ, ಮೆತ್ತನೆಯ ಬೆಳಕಿನಲ್ಲಿ. ಭಾವನ ಟೆರೇಸಿನಲ್ಲಿ ಹನ್ನೆರಡೂವರೆಯ ಬಿಸಿಲು. ನಾದಿನಿಯ ಕಣ್ಣಿನ ಗುಳಿಗಳೆರಡೂ ಕಪ್ಪಾದವು, ಹಣೆ ಹೊಳೆಯಿತು, ದುಪಟ್ಟಾ ಮಾತ್ರ ಮೂಲಕ್ಕೆ ನಿಷ್ಠವಾಗಿ ಬಂತು.

ನಾದಿನಿ ನಿಂತಷ್ಟು ಹೊತ್ತೂ ಇತಿಹಾಸ ಪಾಠ ನಡೆಯುತ್ತದೆ. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ಎಫ್/3.6ರ ಪೋರ್ಟ್ರೇಟ್ ಲೆನ್ಸನ್ನು ರೂಪಿಸಿದ. ಅದಕ್ಕೂ ಮುಂಚೆ ಚಿತ್ರ ತೆಗೆಸಿಕೊಳ್ಳುವವರು ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ಆ ಶಿಕ್ಷೆ ತಪ್ಪಿಸಲೆಂದೇ ಲೆನ್ಸಿನ ಬಾಯಿ ಅಗಲವಾಯಿತು. ಈ ಕಥೆ ಮುಗಿಯುವ ಹೊತ್ತಿಗೆ ನಾದಿನಿ ಅಲುಗಾಡದೆ ನಿಂತು ಕಾಲು ಗಂಟೆಯಾಗಿರುತ್ತದೆ. ಮುಂದಿನ ಕಥೆ ಝೈಸ್ 50 ಎಫ್/0.7. ನಾಸಾಗಾಗಿ ತಯಾರಾದ ಆ ಲೆನ್ಸು ಇದ್ದದ್ದೇ ಹತ್ತು. ಅದರಲ್ಲಿ ಮೂರನ್ನು ಕೊಂಡ ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಿತ್ರದಲ್ಲಿ ಬರೀ ಮೇಣದಬತ್ತಿಯ ಬೆಳಕಿನಲ್ಲಿ ದೃಶ್ಯಗಳನ್ನು ತೆಗೆದ.

‘ಭಾವ, ಅವ್ರು ಕತ್ಲಲ್ಲಿ ತೆಗೆದ್ರು. ನಮ್ಗೆ ಇಲ್ಲಿ ಬಿಸ್ಲು ಹೊಡೀತಿದೆ.’

ನಾದಿನಿಯ ಮಾತಿನಲ್ಲಿ ಲೆಕ್ಕ ಇದೆ. ಮಟಮಟ ಮಧ್ಯಾಹ್ನ ಐಎಸ್‌ಒ 100ರಲ್ಲಿ ಎಫ್/16 ಇಟ್ಟರೆ ಸೆಕೆಂಡಿನ ನೂರರಲ್ಲಿ ಒಂದು ಭಾಗದಷ್ಟು ಶಟರ್ ಸಾಕು; ಫಿಲ್ಮ್ ಕಾಲದಿಂದ ಎಲ್ಲರಿಗೂ ಬಾಯಿಪಾಠವಾದ ಸೂತ್ರ. ಎಫ್/16ರಿಂದ ಎಫ್/1.4ಕ್ಕೆ ಏಳು ಸ್ಟಾಪು. ಅಂದರೆ ಶಟರು 1/12,800ಕ್ಕೆ ಓಡಬೇಕು. ಒಳ್ಳೊಳ್ಳೆಯ ಕ್ಯಾಮೆರಾಗಳ ಮೆಕ್ಯಾನಿಕಲ್ ಶಟರು 1/8000ಕ್ಕೆ ಸುಸ್ತಾಗುತ್ತದೆ. ಹೀಗಾಗಿ ಲಕ್ಷ ಕೊಟ್ಟು ಬೆಳಕನ್ನು ಒಳಗೆ ಬಿಡುವ ಲೆನ್ಸು ಕೊಂಡ ಭಾವ, ಆ ಬೆಳಕನ್ನು ಹೊರಗೆ ತಡೆಯಲು ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜನ್ನೂ ಕೊಂಡಿದ್ದಾರೆ.

ಬೆಂಗಳೂರಿನಲ್ಲಿ ಗುಲಾಬಿ ಟಬೆಬುಯಾ ಅರಳಿದಾಗ ಇವರ ಸುಗ್ಗಿ. ಒಂದರ ಹಿಂದೊಂದು ಮರ ಅರಳುವಂತೆ ಊರಿಗೆ ಗಿಡ ಆರಿಸಿದ ಜರ್ಮನ್ ತೋಟಗಾರ ಜಿ.ಎಚ್. ಕ್ರುಂಬಿಗಲ್ ಹೆಸರನ್ನು ಭಾವ ಭಕ್ತಿಯಿಂದ ಹೇಳುತ್ತಾರೆ. ಕುಟುಂಬ ಸಮೇತ ಕಬ್ಬನ್ ಪಾರ್ಕಿಗೆ ಸವಾರಿ. ಅಕ್ಕನ ಮಗನ ಕೈಯಲ್ಲಿ ಕಾರಿನ ಗಾಜಿಗೆ ಹಾಕುವ ಬೆಳ್ಳಿ ಬಣ್ಣದ ಪರದೆ, ಅದೇ ರಿಫ್ಲೆಕ್ಟರು. ಎಲೆಗಳ ಹಸಿರು ಮುಖದ ಮೇಲೆ ಬಿದ್ದು ನಾದಿನಿ ಕಾಮಾಲೆಯವಳ ಹಾಗೆ ಕಾಣಬಾರದೆಂದು ಆ ಏರ್ಪಾಡು. ಮೊದಲು 85. ಒಂದೂವರೆ ಮೀಟರ್ ದೂರದಿಂದ ಎಫ್/1.2ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಮುಖ ಕೊಂಚ ಓರೆಯಾದರೆ ಒಂದು ಕಣ್ಣು ಚೂಪು, ಇನ್ನೊಂದು ಮಂಜು. ನಾದಿನಿ ಹೊಸದಾಗಿ ಕೊಂಡ ಝುಮುಕಿ ಯಾವ ಚಿತ್ರದಲ್ಲೂ ಇಲ್ಲ.

ಆಮೇಲೆ 70–200. ಆಳೆತ್ತರದ ಚಿತ್ರ 200 ಮಿ.ಮೀ.ನಲ್ಲಿ ಬೇಕೆಂದರೆ ಸುಮಾರು 12 ಮೀಟರ್ ದೂರ ನಿಲ್ಲಬೇಕು. ಅಲ್ಲಿಂದ ಭಾವ ಕೂಗಿದ್ದು ಇಲ್ಲಿಗೆ ಕೇಳುವುದಿಲ್ಲ, ಆದ್ದರಿಂದ ಫೋನು. ‘ಸ್ವಲ್ಪ ಗಲ್ಲ ಇಳ್ಸಮ್ಮ. ಫೋನ್ ಕೆಳ್ಗಿಡು. ಅಯ್ಯೋ, ಕೆಳ್ಗಿಟ್ರೆ ನಾನ್ ಹೇಳೋದು ಹೇಗ್ ಕೇಳ್ಸುತ್ತೆ?’ ನಡುವೆ ವಾಕಿಂಗಿನವರು, ಐಸ್‌ಕ್ರೀಮಿನವನು, ನಾಯಿ. 200 ಮಿ.ಮೀ. ಎಫ್/2.8 ಲೆನ್ಸಿನ ಬೆಳಕಿಂಡಿಯೂ 85 ಎಫ್/1.2ರದೂ ಭಾಗಿಸಿದರೆ ಒಂದೇ, ಸುಮಾರು 71 ಮಿ.ಮೀ. ಚೌಕಟ್ಟಿನಲ್ಲಿ ವ್ಯಕ್ತಿಯ ಗಾತ್ರ ಒಂದೇ ಆಗಿದ್ದರೆ ಬಹುದೂರದ ಹಿನ್ನೆಲೆ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಕರಗುತ್ತದೆ. ಎರಡರಲ್ಲಿ ಒಂದನ್ನು ಮಾರಬಹುದು ಎಂಬುದು ಈ ಲೆಕ್ಕದಿಂದ ಅಕ್ಕ ತೆಗೆದ ತೀರ್ಮಾನ. ಎರಡೂ ಸಮಾನವಾಗಿ ಒಳ್ಳೆಯವು ಎಂಬುದು ಭಾವನದು.

ರಾತ್ರಿ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಚಿತ್ರಗಳು ಬಂದವು. ನಾದಿನಿಯ ಹಿಂದೆ ನುಣ್ಣನೆಯ ಗುಲಾಬಿ ಬಣ್ಣ. ‘ಯಾವ ಸ್ಟುಡಿಯೋಗೆ ಹೋಗಿದ್ರಿ?’ ಎಂದು ಶಿವಮೊಗ್ಗದ ಚಿಕ್ಕಮ್ಮ ಕೇಳಿದರು.

ಭಾವ ಸಿಕ್ಕಿಬೀಳುವುದು ಇಲ್ಲೇ. ಹೊರಗೆ ಹೋಗಿ ಚಿತ್ರ ತೆಗೆಯಬೇಕೆಂದು ಹಟ ಹಿಡಿಯುವವರೂ ಅವರೇ, ಹೊರಗೆ ಹೋದ ಮೇಲೆ ಆ ಹೊರಗನ್ನು ಅಳಿಸಲು ಲಕ್ಷಗಟ್ಟಲೆ ಸುರಿಯುವವರೂ ಅವರೇ. ಜೋಗಕ್ಕೆ ಹೋಗಿ ಬಂದರೆ ಚಿತ್ರದಲ್ಲಿ ಬಿಳಿ ಮಸುಕು, ಮಡಿಕೇರಿಗೆ ಹೋಗಿ ಬಂದರೆ ಹಸಿರು ಮಸುಕು. ಹಂಪಿಯಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಅಕ್ಕನನ್ನು ನಿಲ್ಲಿಸಿ ತೆಗೆದ ಚಿತ್ರದಲ್ಲಿ ರಥ ಕಂದು ಬಣ್ಣದ ಒಂದು ಗುಪ್ಪೆ. ಅಕ್ಕ ಪರ್ಸಿನಿಂದ 50 ರೂಪಾಯಿಯ ಹೊಸ ನೋಟು ತೆಗೆದು ಹಿಂಬದಿಯ ರಥ ತೋರಿಸಿ, ‘ನಾವು ಹೋಗಿದ್ದು ಇಲ್ಲಿಗೆ’ ಎಂದು ಬಂದವರಿಗೆಲ್ಲ ವಿವರಿಸುತ್ತಾರೆ.

ಜೀವನದುದ್ದಕ್ಕೂ ಬಹುಪಾಲು 50 ಮಿ.ಮೀ. ಒಂದನ್ನೇ ನೆಚ್ಚಿಕೊಂಡಿದ್ದ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸ್ಸಾನ್ 1961ರಲ್ಲಿ ಪ್ಯಾರಿಸಿನ ರಸ್ತೆಯಲ್ಲಿ ಶಿಲ್ಪಿ ಜಿಯಾಕೊಮೆಟ್ಟಿಯ ಚಿತ್ರ ತೆಗೆದ. ಮಳೆ, ಶಿಲ್ಪಿ ಕೋಟನ್ನು ತಲೆಯ ಮೇಲೆ ಎಳೆದುಕೊಂಡು ರಸ್ತೆ ದಾಟುತ್ತಿದ್ದಾನೆ. ಆ ಮಳೆಯನ್ನೂ ರಸ್ತೆಯನ್ನೂ ಎಫ್/1.2 ನುಂಗಿದ್ದರೆ ಉಳಿಯುತ್ತಿದ್ದದ್ದು ಕೋಟು ಹೊದ್ದ ಒಬ್ಬ ಮುದುಕ. ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಸತ್ಯನ್ ಚಿತ್ರಗಳಲ್ಲಿ ಮನುಷ್ಯರ ಜೊತೆ ಅವರ ಬೀದಿ, ಮನೆ, ಕೆಲಸ ಎಲ್ಲ ಕಾಣುತ್ತವೆ. ಇಬ್ಬರ ಪುಸ್ತಕಗಳೂ ಭಾವನ ಮನೆಯಲ್ಲಿವೆ, ಲೆನ್ಸುಗಳ ಡ್ರೈ ಕ್ಯಾಬಿನೆಟ್ಟಿನ ಮೇಲೆ.

ಆ ಕ್ಯಾಬಿನೆಟ್ಟಿಗೂ ಒಂದು ಮಾತು ಸಲ್ಲಬೇಕು. ಮಳೆಗಾಲದಲ್ಲಿ ಗಾಜಿನೊಳಗೆ ಬೂಷ್ಟು ಹಿಡಿದರೆ ಲೆನ್ಸು ಕೆಟ್ಟಂತೆಯೇ. ಒಳಗಿನ ತೇವಾಂಶ ಶೇ. 40–50ರ ನಡುವೆ ನಿಲ್ಲಬೇಕು. ಕರೆಂಟು ಹೋದಾಗ ಉಳಿದವರು ಫ್ರಿಜ್ಜಿನ ಹಾಲಿನ ಚಿಂತೆ ಮಾಡಿದರೆ ಭಾವ ಕ್ಯಾಬಿನೆಟ್ಟಿನ ಮುಳ್ಳು ನೋಡುತ್ತಾರೆ. ಉಡುಪಿಯ ಷಡ್ಡಕರು ಮಾತ್ರ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ತಮ್ಮ ಒಂದೇ ಒಂದು ಲೆನ್ಸನ್ನು ಕಾಪಾಡಿಕೊಂಡಿದ್ದಾರೆ, ಕರಾವಳಿಯ ಮಳೆಯಲ್ಲೂ.

ಇಂಥ ಭಾವ ನಿಮ್ಮ ಮನೆಯಲ್ಲೂ ಇದ್ದರೆ, ಅಥವಾ ನೀವೇ ಆ ದಾರಿಯಲ್ಲಿದ್ದರೆ, ಹೊರಾಂಗಣದ ಮುಖಚಿತ್ರಕ್ಕೆ ಸಂಗ್ರಹ ಇಷ್ಟಿದ್ದರೆ ಸಾಕು. ಮುಖಕ್ಕೆ ಒಂದು 85 ಎಫ್/1.8, ಚಿಕ್ಕ ಸೆನ್ಸರಾದರೆ 50 ಎಫ್/1.8. ಮನುಷ್ಯರ ಜೊತೆ ಊರೂ ಕಾಣಬೇಕಾದಲ್ಲಿ ಒಂದು 35. ಓಡುವ ಮಕ್ಕಳ ಹಿಂದೆ ನೀವು ಓಡಲಾರದವರಾದರೆ ಮಾತ್ರ 70–200. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ, ಬಯಲಿಗೆ ಮುಖ ಮಾಡಿದ ನೆರಳಿನಲ್ಲಿ ನಿಲ್ಲಿಸಿ, ಎರಡು ಮೀಟರ್ ದೂರದಿಂದ ತೆಗೆಯಿರಿ. ಹಿಂದೆ ಇರುವುದು ಹಂಪಿಯಾದರೆ ಇನ್ನಷ್ಟು ಹಿಂದೆ ಸರಿದು ಎಫ್/5.6 ಇಡಿ. ಎಫ್/1.2ರ ಆಸೆ ತಡೆಯಲಾಗದಿದ್ದರೆ ಬೆಂಗಳೂರಿನಲ್ಲಿ ಲೆನ್ಸುಗಳು ದಿನದ ಬಾಡಿಗೆಗೆ ಸಿಗುತ್ತವೆ; ಶನಿವಾರ ತಂದು ಸೋಮವಾರ ವಾಪಸ್ ಕೊಟ್ಟುಬಿಡಿ.